ಧ್ರುವ ವಾತಾವರಣದಲ್ಲಿ ಏರೋಸಾಲ್ ಮತ್ತು ಮಸಿಯ ಮಾಪನ

ಧ್ರುವ ವಾತಾವರಣದ ಏರೋಸಾಲ್ ಮಾಪನ ಎಂದರೆ ಆರ್ಕ್ಟಿಕ್ ಮತ್ತು ಅಂಟಾರ್ಕ್ಟಿಕ ಪ್ರದೇಶಗಳ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಸಂಖ್ಯೆ, ಗಾತ್ರ, ರಾಸಾಯನಿಕ ರಚನೆ ಹಾಗೂ ಬೆಳಕನ್ನು ಚದುರಿಸುವ ಮತ್ತು ಹೀರುವ ಗುಣಗಳನ್ನು ಅಳೆಯುವ ವೈಜ್ಞಾನಿಕ ಕಾರ್ಯ. ಈ ಕಣಗಳಲ್ಲಿ ಅತ್ಯಂತ ಹೆಚ್ಚು ಗಮನ ಪಡೆದಿರುವುದು ಮಸಿ, ಅಂದರೆ ಕಪ್ಪು ಇಂಗಾಲ. ಡೀಸೆಲ್, ಕಲ್ಲಿದ್ದಲು, ಸೌದೆ, ಪೈರಿನ ಕೂಳೆ, ಕಾಡು ಇವು ಅರೆಬರೆಯಾಗಿ ಉರಿದಾಗ ಹುಟ್ಟುವ ಈ ವಸ್ತು ಗಾಳಿಯಲ್ಲಿದ್ದಾಗ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಹಿಮದ ಮೇಲೆ ಬಿದ್ದಾಗ ಅದರ ಬಿಳುಪನ್ನು ತಗ್ಗಿಸಿ ಕರಗುವಿಕೆಯನ್ನು ಬೇಗನೆ ಆರಂಭಿಸುತ್ತದೆ. ಆರ್ಕ್ಟಿಕ್ ಪ್ರದೇಶವು 1979ರಿಂದ ಈಚೆಗೆ ಜಾಗತಿಕ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಈ ಬಿಸಿಯಲ್ಲಿ ಮಸಿಯ ಪಾಲು ಎಷ್ಟೆಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಅಲ್ಲಿನ ಗಾಳಿಯಲ್ಲಿ ಎಷ್ಟು ಮಸಿ ಇದೆ ಎಂಬುದು ಗೊತ್ತಾಗಬೇಕು. ಆ ಲೆಕ್ಕ ತೋರುವಷ್ಟು ಸುಲಭವಲ್ಲ.

ಕಣಗಳ ಸ್ವರೂಪ

ಏರೋಸಾಲ್ ಎಂದರೆ ಗಾಳಿಯಲ್ಲಿ ತೂಗಾಡುವ ಘನ ಅಥವಾ ದ್ರವ ಕಣಗಳ ಸಮೂಹ. ಕೆಲವೇ ನ್ಯಾನೊಮೀಟರ್ ಗಾತ್ರದಿಂದ ಹತ್ತಾರು ಮೈಕ್ರೋಮೀಟರ್ ಗಾತ್ರದವರೆಗಿನ ಕಣಗಳು ಇದರಲ್ಲಿ ಸೇರುತ್ತವೆ. ಧ್ರುವ ಪ್ರದೇಶಗಳಲ್ಲಿ ಕಾಣಸಿಗುವ ಮುಖ್ಯ ಕಣಗಳೆಂದರೆ ಸಲ್ಫೇಟ್, ಸಮುದ್ರದ ಉಪ್ಪು, ಸಾವಯವ ಸಂಯುಕ್ತಗಳು, ಖನಿಜ ಧೂಳು ಮತ್ತು ಮಸಿ. ತೂಕದ ಲೆಕ್ಕದಲ್ಲಿ ಮಸಿಯದು ಚಿಕ್ಕ ಪಾಲು. ಆದರೆ ಉಳಿದ ಕಣಗಳು ಬಹುಮಟ್ಟಿಗೆ ಬೆಳಕನ್ನು ಚದುರಿಸುವಂಥವು; ಬೆಳಕನ್ನು ಬಲವಾಗಿ ಹೀರುವುದು ಮಸಿ ಮಾತ್ರ. ಸೌದೆ ಒಲೆಯ ಅಡುಗೆಮನೆಯ ಮಾಡಿನಲ್ಲಿ ಕಟ್ಟುವ ಇಲ್ಲಣಕ್ಕೂ ಧ್ರುವದ ಹಿಮದ ಮೇಲೆ ಸಿಗುವ ಕಪ್ಪು ಕಣಕ್ಕೂ ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ.

ಹೊಸದಾಗಿ ಹುಟ್ಟಿದ ಮಸಿಯು ಹತ್ತಾರು ನ್ಯಾನೊಮೀಟರ್ ಅಗಲದ ಗೋಲಗಳು ಸರಪಳಿಯಂತೆ ಅಂಟಿಕೊಂಡ ರೂಪದಲ್ಲಿರುತ್ತದೆ. ಗಾಳಿಯಲ್ಲಿ ದಿನಗಟ್ಟಲೆ ಸಾಗುವಾಗ ಸಲ್ಫೇಟ್ ಮತ್ತು ಸಾವಯವ ಪದಾರ್ಥಗಳು ಅದರ ಮೇಲೆ ಲೇಪಗೊಂಡು ಸರಪಳಿ ಮುದುಡುತ್ತದೆ. ಲೇಪವು ಮಸೂರದಂತೆ ವರ್ತಿಸಿ ಒಳಗಿನ ಮಸಿಯತ್ತ ಹೆಚ್ಚು ಬೆಳಕನ್ನು ಬಾಗಿಸುವುದರಿಂದ ಹಳೆಯ ಮಸಿ ಹೊಸದಕ್ಕಿಂತ ಹೆಚ್ಚು ಬೆಳಕನ್ನು ಹೀರಬಲ್ಲದು. ಧ್ರುವಕ್ಕೆ ತಲುಪುವ ಮಸಿಯ ಬಹುಭಾಗ ಹೀಗೆ ದೂರದಿಂದ ಬಂದು ಲೇಪಗೊಂಡದ್ದೇ ಆಗಿರುತ್ತದೆ. ಮುಂದೆ ಹೇಳಲಿರುವ ಮಾಪನದ ತೊಡಕುಗಳಲ್ಲಿ ಹಲವು ಈ ಲೇಪದಿಂದಲೇ ಹುಟ್ಟುತ್ತವೆ.

ಇತಿಹಾಸ

ಧ್ರುವ ಪ್ರದೇಶದ ಮಂಜುಗಡ್ಡೆಯ ಮೇಲೆ ಕಪ್ಪು ವಸ್ತುವಿದೆ ಎಂಬುದನ್ನು 19ನೆಯ ಶತಮಾನದ ಅನ್ವೇಷಕರು ಗಮನಿಸಿದ್ದರು. 1870ರಲ್ಲಿ ಗ್ರೀನ್‌ಲ್ಯಾಂಡಿನ ಹಿಮಹಾಸಿನ ಮೇಲೆ ಸಂಚರಿಸಿದ ಅಡಾಲ್ಫ್ ಎರಿಕ್ ನಾರ್ಡೆನ್‌ಶೋಲ್ಡ್ ಅಲ್ಲಿನ ಕುಳಿಗಳ ತಳದಲ್ಲಿ ಕಂಡ ಕಪ್ಪು ಹುಡಿಗೆ 'ಕ್ರಯೊಕೊನೈಟ್' ಎಂದು ಹೆಸರಿಟ್ಟನು. ಅದರಲ್ಲಿ ಖನಿಜ ಧೂಳು ಮತ್ತು ಸೂಕ್ಷ್ಮಜೀವಿಗಳು ಪ್ರಧಾನವೆಂದು ಈಗ ತಿಳಿದಿದೆ.

ಗಾಳಿಯೇ ಮಲಿನವಾಗಿರಬಹುದೆಂಬ ಸುಳಿವು ಸಿಕ್ಕಿದ್ದು 1950ರ ದಶಕದಲ್ಲಿ. ಅಲಾಸ್ಕದಿಂದ ಧ್ರುವದತ್ತ ಹಾರುತ್ತಿದ್ದ ಅಮೆರಿಕದ ಹವಾಮಾನ ವಿಮಾನಗಳ ಸಿಬ್ಬಂದಿಯು ಮೋಡವೂ ಅಲ್ಲದ, ಹಿಮದ ಹರಳೂ ಅಲ್ಲದ ಒಂದು ಮಬ್ಬಿನ ಪದರವನ್ನು ಪದೇ ಪದೇ ಕಂಡರು. ಜೆ. ಮರ್ರೇ ಮಿಚೆಲ್ ಇದನ್ನು ವರದಿ ಮಾಡಿದರು. ಅದಕ್ಕೆ 'ಆರ್ಕ್ಟಿಕ್ ಮಬ್ಬು' ಎಂಬ ಹೆಸರು ನಿಂತಿತು. ಸುತ್ತ ಸಾವಿರಾರು ಕಿಲೋಮೀಟರ್ ಕಾರ್ಖಾನೆಗಳೇ ಇಲ್ಲದ ಕಡೆ ಮಬ್ಬು ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆ ಸುಮಾರು ಎರಡು ದಶಕ ಹಾಗೆಯೇ ಉಳಿಯಿತು.

1972ರಲ್ಲಿ ಅಲಾಸ್ಕ ವಿಶ್ವವಿದ್ಯಾಲಯದ ಗ್ಲೆನ್ ಶಾ ಅವರು ಉತ್ತರ ತೀರದ ಬ್ಯಾರೋ ಪಟ್ಟಣದಲ್ಲಿ (ಇಂದಿನ ಉತ್ಕಿಯಾಗ್ವಿಕ್) ಸೌರ ಫೋಟೋಮೀಟರ್ ಬಳಸಿ ಬಿಸಿಲಿನ ತೀವ್ರತೆ ಅಳೆದಾಗ ಅಲ್ಲಿನ ಗಾಳಿ ನಿರೀಕ್ಷೆಗಿಂತ ಬಹಳ ಕಲುಷಿತವಾಗಿತ್ತು. ಶಾ, ಕೆನೆತ್ ರಾನ್ ಮತ್ತು ರ‍್ಯಾಂಡಾಲ್ಫ್ ಬೋರಿಸ್ 1977ರಲ್ಲಿ ಪ್ರಕಟಿಸಿದ ಮೊದಲ ಉತ್ತರವು ಏಷ್ಯಾದ ಮರುಭೂಮಿಗಳ ಧೂಳನ್ನು ಬೊಟ್ಟು ಮಾಡಿತ್ತು. ಅವರು ಪರೀಕ್ಷಿಸಿದ ಆ ಪದರಗಳ ಮಟ್ಟಿಗೆ ಅದು ಸರಿಯೇ ಆಗಿತ್ತು. ಆದರೆ ಚಳಿಗಾಲದುದ್ದಕ್ಕೂ ನೆಲದ ಮಟ್ಟದಲ್ಲಿ ಕವಿಯುವ ಮಬ್ಬಿನ ಕಥೆ ಬೇರೆ. ಫಿಲ್ಟರ್ ಮಾದರಿಗಳಲ್ಲಿ ಸಿಕ್ಕ ವೆನೇಡಿಯಂ, ಮ್ಯಾಂಗನೀಸ್ ಮುಂತಾದ ಲೋಹಗಳ ಅನುಪಾತವನ್ನು ಬೆರಳಚ್ಚಿನಂತೆ ಬಳಸಿದ ರಾನ್ ಮತ್ತಿತರರು ಅದು ಯುರೋಪ್ ಮತ್ತು ಆಗಿನ ಸೋವಿಯತ್ ಒಕ್ಕೂಟದ ಕೈಗಾರಿಕಾ ಹೊಗೆ ಎಂಬ ತೀರ್ಮಾನಕ್ಕೆ ಬಂದರು. 1981ರಲ್ಲಿ ಹಾಲ್ ರೋಸೆನ್, ಟಿಹೋಮಿರ್ ನೊವಾಕೋವ್ ಮತ್ತು ಬ್ಯಾರಿ ಬೋಡೇನ್ ಬ್ಯಾರೋದ ಮಾದರಿಗಳಲ್ಲಿ ಗ್ರಾಫೈಟ್ ರೀತಿಯ ಇಂಗಾಲವಿರುವುದನ್ನು ತೋರಿಸಿದ ಮೇಲೆ ಆರ್ಕ್ಟಿಕ್ ಗಾಳಿಯಲ್ಲಿ ಮಸಿ ಇರುವುದು ಖಚಿತವಾಯಿತು. 1983ರ ವಸಂತದಲ್ಲಿ ಹಲವು ದೇಶಗಳು ಸೇರಿ ವಿಮಾನಗಳಿಂದ ನಡೆಸಿದ ಸಮೀಕ್ಷೆಯು ಮಬ್ಬು ನೆಲದ ಸಮೀಪಕ್ಕೆ ಸೀಮಿತವಲ್ಲವೆಂದೂ ತೆಳು ಪದರಗಳಾಗಿ ಹಲವು ಕಿಲೋಮೀಟರ್ ಎತ್ತರದವರೆಗೆ ಹರಡಿರುತ್ತದೆಂದೂ ತೋರಿಸಿತು.

ಮಬ್ಬು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅತಿ ದಟ್ಟವಾಗಿರುತ್ತದೆ, ಬೇಸಿಗೆಯಲ್ಲಿ ಬಹುತೇಕ ಮಾಯವಾಗುತ್ತದೆ. ಚಳಿಗಾಲದಲ್ಲಿ ಧ್ರುವದ ಮೇಲಿನ ತಣ್ಣನೆಯ ಭಾರವಾದ ಗಾಳಿಯ ರಾಶಿ ದಕ್ಷಿಣಕ್ಕೆ ಚಾಚಿಕೊಂಡು ಯುರೇಷ್ಯಾದ ಉತ್ತರ ಭಾಗದ ಕೈಗಾರಿಕಾ ಪ್ರದೇಶಗಳನ್ನೂ ಒಳಗೊಳ್ಳುತ್ತದೆ. ಕಣಗಳನ್ನು ತೊಳೆದು ಹಾಕುವ ಮಳೆ, ಹಿಮಪಾತ ಆಗ ಕಡಿಮೆ. ಬೇಸಿಗೆಯಲ್ಲಿ ತುಂತುರು ಮತ್ತು ತಗ್ಗಿನ ಮೋಡಗಳು ಗಾಳಿಯನ್ನು ತೊಳೆಯುತ್ತವೆ.

ಅಳತೆಯ ಕಷ್ಟಗಳು

ಭಾರತದ ನಗರಗಳ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಕೆಲವು ಮೈಕ್ರೋಗ್ರಾಂ, ಎಂದರೆ ಕೆಲವು ಸಾವಿರ ನ್ಯಾನೊಗ್ರಾಂ ಮಸಿ ಇರುವುದು ಸಾಮಾನ್ಯ. ಆರ್ಕ್ಟಿಕ್‌ನ ಚಳಿಗಾಲದಲ್ಲಿ ಅದು ಕೆಲವು ಹತ್ತುಗಳಿಂದ ಸುಮಾರು ನೂರು ನ್ಯಾನೊಗ್ರಾಂ. ದಕ್ಷಿಣ ಧ್ರುವದಲ್ಲಿ ಒಂದು ನ್ಯಾನೊಗ್ರಾಂನ ಆಸುಪಾಸು, ಹಲವು ವೇಳೆ ಅದಕ್ಕೂ ಕಡಿಮೆ. ನಗರಗಳಿಗಾಗಿ ರೂಪಿಸಿದ ಉಪಕರಣವನ್ನು ಅಲ್ಲಿಗೆ ಒಯ್ದು ನಿಲ್ಲಿಸಿದರೆ ತೋರುವುದು ಬಹುಪಾಲು ಉಪಕರಣದ ಸ್ವಂತ ಗದ್ದಲವನ್ನೇ. ಪ್ರತಿ ನಿಮಿಷಕ್ಕೆ 5 ಲೀಟರ್ ಗಾಳಿ ಎಳೆಯುವ ಪಂಪು ದಿನವೊಂದಕ್ಕೆ 7.2 ಘನ ಮೀಟರ್ ಗಾಳಿಯನ್ನು ಸೋಸುತ್ತದೆ. ಘನ ಮೀಟರಿಗೆ ಒಂದು ನ್ಯಾನೊಗ್ರಾಂ ಇದ್ದರೆ ದಿನಕ್ಕೆ ಫಿಲ್ಟರಿನ ಮೇಲೆ ಕೂಡುವುದು 7.2 ನ್ಯಾನೊಗ್ರಾಂ ಮಸಿ. ಪುಡಿ ಉಪ್ಪಿನ ಒಂದೇ ಒಂದು ಹರಳಿನಷ್ಟು ತೂಕ ಸಂಗ್ರಹವಾಗಲು ಈ ದರದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ಅಂಟಾರ್ಕ್ಟಿಕದ ಮಾಹಿತಿಯನ್ನು ನಿಮಿಷಗಳಿಗೆ ಬದಲು ಹಲವು ಗಂಟೆ ಅಥವಾ ದಿನಗಳ ಸರಾಸರಿಯಾಗಿ ನೀಡುವುದು ವಾಡಿಕೆ.

ಎರಡನೆಯ ಕಷ್ಟ ಮನುಷ್ಯನೇ ತಂದದ್ದು. ಧ್ರುವದಲ್ಲಿ ಸಂಶೋಧಕರು ಬದುಕಿರಲು ಡೀಸೆಲ್ ಜನರೇಟರ್ ಬೇಕು, ಹಿಮದ ಮೇಲೆ ಓಡಾಡಲು ವಾಹನ ಬೇಕು, ಸಾಮಾನು ತರಲು ವಿಮಾನ ಮತ್ತು ಹಡಗು ಬೇಕು. ಇವೆಲ್ಲವೂ ಮಸಿಯನ್ನೇ ಉಗುಳುತ್ತವೆ. ಅಳೆಯಲು ಹೋದವರ ಹೊಗೆಯೇ ಅಳತೆಯೊಳಗೆ ನುಸುಳದಂತೆ ನೋಡಿಕೊಳ್ಳುವುದು ಈ ಕ್ಷೇತ್ರದ ನಿತ್ಯದ ಕೆಲಸ. ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಅಮಂಡ್ಸನ್–ಸ್ಕಾಟ್ ನಿಲ್ದಾಣದಲ್ಲಿ ಗಾಳಿ ವರ್ಷದ ಬಹುಪಾಲು ಒಂದೇ ದಿಕ್ಕಿನಿಂದ ಬೀಸುತ್ತದೆ. ವಾತಾವರಣ ವೀಕ್ಷಣಾಲಯವನ್ನು ಆ ದಿಕ್ಕಿಗೆ, ಅಂದರೆ ನಿಲ್ದಾಣಕ್ಕಿಂತ ಗಾಳಿಯ ಮೇಲ್ಗಡೆಗೆ ಕಟ್ಟಲಾಗಿದೆ. ಅದರಾಚೆಯ ಪ್ರದೇಶವನ್ನು 'ಶುದ್ಧ ಗಾಳಿ ವಲಯ'ವೆಂದು ಘೋಷಿಸಿ ವಾಹನ ಸಂಚಾರವನ್ನು ನಿರ್ಬಂಧಿಸಲಾಗಿದೆ. ಜರ್ಮನಿಯ ನಾಯ್‌ಮಾಯರ್ ನಿಲ್ದಾಣದ ವಾಯು ರಸಾಯನ ವೀಕ್ಷಣಾಲಯವು ಮುಖ್ಯ ಕಟ್ಟಡದಿಂದ ಸುಮಾರು ಒಂದೂವರೆ ಕಿಲೋಮೀಟರ್ ದಕ್ಷಿಣಕ್ಕಿದೆ. ಕೆನಡಾದ ಅಲರ್ಟ್‌ನಲ್ಲಿ ವೀಕ್ಷಣಾಲಯವು ಸೇನಾ ನೆಲೆಯಿಂದ ಹಲವು ಕಿಲೋಮೀಟರ್ ದೂರದಲ್ಲಿದೆ. ಗಾಳಿ ದಿಕ್ಕು ಬದಲಿಸಿ ನಿಲ್ದಾಣದ ಕಡೆಯಿಂದ ಬೀಸಿದರೆ, ಅಥವಾ ಕಣಗಳ ಸಂಖ್ಯೆ ಹಠಾತ್ತನೆ ಏರಿದರೆ, ಮಾದರಿ ಸಂಗ್ರಹಿಸುವ ಪಂಪು ತಾನಾಗಿ ನಿಲ್ಲುವ ಏರ್ಪಾಡು ಹಲವೆಡೆ ಇದೆ. ಇಷ್ಟೆಲ್ಲ ಆದ ಮೇಲೂ ಮಾಹಿತಿಯನ್ನು ಗೆರೆಗೆರೆಯಾಗಿ ಪರಿಶೀಲಿಸಿ ಸಂದೇಹಾಸ್ಪದ ಗಂಟೆಗಳನ್ನು ಕೈಬಿಡಬೇಕಾಗುತ್ತದೆ.

ಸ್ಟೀಫನ್ ವಾರೆನ್ ಮತ್ತು ಆಂಟನಿ ಕ್ಲಾರ್ಕ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ದಕ್ಷಿಣ ಧ್ರುವ ನಿಲ್ದಾಣಕ್ಕೆ ಗಾಳಿಯ ಮೇಲ್ಗಡೆಯಲ್ಲಿ ತೆಗೆದ ಹಿಮದ ಪ್ರತಿ ಗ್ರಾಂನಲ್ಲಿ ಅವರಿಗೆ ಸಿಕ್ಕ ಮಸಿ ಒಂದು ನ್ಯಾನೊಗ್ರಾಂನ ಸಣ್ಣ ಅಂಶ ಮಾತ್ರ. ಗಾಳಿಯ ಕೆಳಗಡೆಯಲ್ಲಿ, ನಿಲ್ದಾಣದ ಹೊಗೆ ಬೀಳುವ ಕಡೆ, ಅದರ ಹತ್ತು ಪಟ್ಟಿನಷ್ಟು ಮಸಿ ಇತ್ತು. ಖಂಡದ ಹಿಮದ ಬಗ್ಗೆ ಮಾತನಾಡಲು ಹೊರಟವರು ಎಲ್ಲಿ ನಿಂತು ಸಲಿಕೆ ಹಾಕಿದರು ಎಂಬುದನ್ನೂ ಹೇಳಬೇಕಾಗುತ್ತದೆ.

ಚಳಿಯಿಂದಲೂ ತಾಂತ್ರಿಕ ತೊಂದರೆಗಳಿವೆ. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಿಮದ ಹರಳು ಕಟ್ಟಿ ಮುಚ್ಚಿಹೋಗುತ್ತದೆ. ಹಾಗಾಗಿ ಬಾಯಿಯನ್ನು ಬಿಸಿ ಮಾಡಬೇಕು. ಹಿಮಗಾಳಿ ಎದ್ದಾಗ ನೆಲದ ಹಿಮದ ಪುಡಿಯೂ ಒಳಸೇರುತ್ತದೆ. ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನ ಹೊರಗಾಳಿಯು 20 ಡಿಗ್ರಿಯ ಕೋಣೆಯೊಳಗಿನ ಉಪಕರಣವನ್ನು ತಲುಪುವಷ್ಟರಲ್ಲಿ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 1ಕ್ಕಿಂತ ಕೆಳಗಿಳಿಯುತ್ತದೆ. ಕಣಗಳನ್ನು ಒಣಗಿಸಲು ಬೇರೆ ಸಾಧನ ಬೇಕಿಲ್ಲವೆಂಬುದು ಇದರ ಅನುಕೂಲ; ಹೊರಗೆ ಕಣದ ರೂಪದಲ್ಲಿದ್ದ ಕೆಲವು ಪದಾರ್ಥಗಳು ಒಳಗೆ ಬರುವಾಗ ಆವಿಯಾಗಿಬಿಡಬಹುದೆಂಬುದು ಅನನುಕೂಲ. ಅಂಟಾರ್ಕ್ಟಿಕದ ಒಳನಾಡಿನ ನಿಲ್ದಾಣಗಳಿಗೆ ಚಳಿಗಾಲದ ತಿಂಗಳುಗಳಲ್ಲಿ ಬಿಡಿಭಾಗ ತಲುಪಿಸುವ ಮಾರ್ಗವಿರುವುದಿಲ್ಲ. ಆಗ ಕೆಟ್ಟ ಪಂಪನ್ನು ಅಲ್ಲೇ ಇರುವವರು ರಿಪೇರಿ ಮಾಡಬೇಕು, ಇಲ್ಲವೇ ಆ ವರ್ಷದ ಮಾಹಿತಿಯಲ್ಲಿ ಕಂದಕ ಬೀಳುತ್ತದೆ.

ಉಪಕರಣಗಳು

ಮಸಿಯ ಮಾಪನದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಉಪಕರಣ ಈಥಲೋಮೀಟರ್. ಮಸಿಯಿಂದ ಕಪ್ಪಾಗಿಸುವುದು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಆಂಟನಿ ಹ್ಯಾನ್ಸೆನ್, ರೋಸೆನ್ ಮತ್ತು ನೊವಾಕೋವ್ ಇದನ್ನು 1984ರಲ್ಲಿ ವಿವರಿಸಿದರು. ತತ್ತ್ವ ಸರಳ. ಗಾಳಿಯನ್ನು ಬಿಳಿಯ ಫಿಲ್ಟರ್ ಪಟ್ಟಿಯ ಮೂಲಕ ಎಳೆಯಲಾಗುತ್ತದೆ. ಕಣಗಳು ಅದರ ಮೇಲೆ ಒಂದು ಚುಕ್ಕೆಯಾಗಿ ಕೂಡುತ್ತವೆ. ಚುಕ್ಕೆಯ ಮೂಲಕ ಮತ್ತು ಪಕ್ಕದ ಸ್ವಚ್ಛ ಭಾಗದ ಮೂಲಕ ಬೆಳಕು ಹಾಯಿಸಿ ಎರಡನ್ನೂ ಹೋಲಿಸಲಾಗುತ್ತದೆ. ಚುಕ್ಕೆ ಎಷ್ಟು ವೇಗವಾಗಿ ಕಪ್ಪಾಗುತ್ತದೆಯೋ ಗಾಳಿಯಲ್ಲಿ ಅಷ್ಟು ಮಸಿ ಇದೆಯೆಂದು ಲೆಕ್ಕ. ಚುಕ್ಕೆ ತೀರಾ ಕಪ್ಪಾದಾಗ ಪಟ್ಟಿ ಮುಂದೆ ಸರಿದು ಹೊಸ ಚುಕ್ಕೆ ಆರಂಭವಾಗುತ್ತದೆ. ಇಂದಿನ ಮಾದರಿಗಳು 370ರಿಂದ 950 ನ್ಯಾನೊಮೀಟರ್‌ವರೆಗಿನ ಏಳು ತರಂಗಾಂತರಗಳಲ್ಲಿ ಅಳೆಯುತ್ತವೆ. ಮಸಿಯ ಪ್ರಮಾಣವನ್ನು ಸಾಮಾನ್ಯವಾಗಿ 880 ನ್ಯಾನೊಮೀಟರ್‌ನ ಅಳತೆಯಿಂದ ಪಡೆಯುತ್ತಾರೆ, ಏಕೆಂದರೆ ಧೂಳು ಮತ್ತು ಸೌದೆ ಹೊಗೆಯ ಕಂದು ಸಾವಯವ ಪದಾರ್ಥಗಳು ಆ ತರಂಗಾಂತರದಲ್ಲಿ ಹೆಚ್ಚು ಹೀರುವುದಿಲ್ಲ.

ಹ್ಯಾನ್ಸೆನ್ ಮತ್ತವರ ಸಂಗಡಿಗರು 1986–87ರಲ್ಲಿಯೇ ಈಥಲೋಮೀಟರನ್ನು ದಕ್ಷಿಣ ಧ್ರುವಕ್ಕೆ ಒಯ್ದು ಅಲ್ಲಿನ ಅತ್ಯಲ್ಪ ಮಸಿಯನ್ನು ಅಳೆದರು. ಆದರೆ ಉಪಕರಣ ನೇರವಾಗಿ ಅಳೆಯುವುದು ಮಸಿಯ ತೂಕವನ್ನಲ್ಲ, ಬೆಳಕು ಎಷ್ಟು ಕುಂದಿತು ಎಂಬುದನ್ನು. ಅದನ್ನು ತೂಕಕ್ಕೆ ಪರಿವರ್ತಿಸಲು 'ತೂಕಕ್ಕೆ ತಕ್ಕ ಹೀರಿಕೆಯ ಕ್ಷೇತ್ರ' ಎಂಬ ಅಂಕಿ ಬೇಕು. ಹೊಸ ಮಸಿಗೆ 550 ನ್ಯಾನೊಮೀಟರ್‌ನಲ್ಲಿ ಇದು ಗ್ರಾಂಗೆ ಸುಮಾರು 7.5 ಚದರ ಮೀಟರ್. ಲೇಪಗೊಂಡ ಹಳೆಯ ಮಸಿಗೆ ಹೆಚ್ಚು. ಒಂದು ಜಾಗದಲ್ಲಿ ಗಾಳಿಯ ಹೀರಿಕೆಯ ಗುಣಾಂಕವು ಪ್ರತಿ ಹತ್ತು ಲಕ್ಷ ಮೀಟರಿಗೆ 0.5 ಎಂದಿಟ್ಟುಕೊಂಡರೆ, ಗ್ರಾಂಗೆ 10 ಚದರ ಮೀಟರ್ ಎಂಬ ಅಂಕಿಯಿಂದ ಘನ ಮೀಟರಿಗೆ 50 ನ್ಯಾನೊಗ್ರಾಂ ಮಸಿ ಎಂಬ ಉತ್ತರ ಬರುತ್ತದೆ. ಗ್ರಾಂಗೆ 5 ಚದರ ಮೀಟರ್ ಎಂದರೆ ಅದೇ ಗಾಳಿಯಲ್ಲಿ 100 ನ್ಯಾನೊಗ್ರಾಂ. ಇದರ ಜೊತೆಗೆ ಫಿಲ್ಟರಿನ ನಾರುಗಳೇ ಬೆಳಕನ್ನು ಮತ್ತೆ ಮತ್ತೆ ಚದುರಿಸಿ ಹೀರಿಕೆಯನ್ನು ಹೆಚ್ಚಾಗಿ ತೋರಿಸುತ್ತವೆ. ಕಣಗಳು ಜಮೆಯಾದಂತೆ ಸೂಕ್ಷ್ಮತೆ ಕುಗ್ಗುತ್ತದೆ. ಆರ್ಕ್ಟಿಕ್‌ನಲ್ಲಿ ಹೇರಳವಾಗಿರುವ ಬಿಳಿಯ ಸಲ್ಫೇಟ್ ಕಣಗಳೂ ಅಲ್ಪ ಪ್ರಮಾಣದಲ್ಲಿ ಮಸಿಯ ವೇಷ ಹಾಕುತ್ತವೆ. ಇವಕ್ಕೆಲ್ಲ ತಿದ್ದುಪಡಿ ಸೂತ್ರಗಳಿವೆ, ಆದರೆ ಸೂತ್ರಕ್ಕೊಂದು ಉತ್ತರ ಬರುತ್ತದೆ ಎಂಬುದೂ ನಿಜ.

ಇದೇ ತತ್ತ್ವವನ್ನು ಸುಧಾರಿಸಿದ ಬೇರೆ ಉಪಕರಣಗಳಿವೆ. ಬಹುಕೋನ ಹೀರಿಕೆ ಫೋಟೋಮೀಟರ್ ಫಿಲ್ಟರಿನಿಂದ ಹಿಂದಕ್ಕೆ ಚದುರಿದ ಬೆಳಕನ್ನೂ ಅಳೆದು ದೋಷವನ್ನು ತಗ್ಗಿಸುತ್ತದೆ. ಜಪಾನಿನಲ್ಲಿ ರೂಪುಗೊಂಡ 'ಕಾಸ್ಮಾಸ್' ಎಂಬ ಉಪಕರಣ ಗಾಳಿಯನ್ನು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸಲ್ಫೇಟ್ ಮತ್ತು ಸಾವಯವ ಲೇಪವನ್ನು ಆವಿಯಾಗಿಸಿ, ಉಳಿದ ಬರಿಯ ಮಸಿಯನ್ನು ಮಾತ್ರ ಫಿಲ್ಟರಿಗೆ ಕಳುಹಿಸುತ್ತದೆ.

ಫಿಲ್ಟರನ್ನೇ ಕೈಬಿಟ್ಟ ವಿಧಾನವೆಂದರೆ ಒಂಟಿ ಕಣದ ಮಸಿ ಫೋಟೋಮೀಟರ್. ಇದರಲ್ಲಿ ಕಣಗಳು ಒಂದೊಂದಾಗಿ 1064 ನ್ಯಾನೊಮೀಟರ್ ತರಂಗಾಂತರದ ತೀವ್ರ ಲೇಸರ್ ಕಿರಣವನ್ನು ಹಾದುಹೋಗುತ್ತವೆ. ಮಸಿಯಿರುವ ಕಣ ಬೆಳಕನ್ನು ಹೀರಿ ಕೆಂಡದಂತೆ ಹೊಳೆದು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ಆ ಹೊಳಪಿನಿಂದ ಅದರೊಳಗಿದ್ದ ಮಸಿಯ ತೂಕ ತಿಳಿಯುತ್ತದೆ. ಲೇಪ ಎಷ್ಟಿದ್ದರೂ ಈ ಲೆಕ್ಕ ಕೆಡುವುದಿಲ್ಲ, ಮತ್ತು ಲೇಪ ಎಷ್ಟು ದಪ್ಪವೆಂಬುದನ್ನೂ ಚದುರಿದ ಬೆಳಕಿನಿಂದ ಅಂದಾಜು ಮಾಡಬಹುದು. ಉಪಕರಣ ದುಬಾರಿ, ನಿರ್ವಹಣೆಗೆ ಪರಿಣತರು ಬೇಕು. ಅತಿ ಚಿಕ್ಕ ಮತ್ತು ಅತಿ ದೊಡ್ಡ ಕಣಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಧ್ರುವ ನಿಲ್ದಾಣಗಳಲ್ಲಿ ವರ್ಷವಿಡೀ ಓಡಿಸುವುದಕ್ಕಿಂತ ವಿಮಾನ ಸಮೀಕ್ಷೆಗಳಲ್ಲಿ ಮತ್ತು ಪ್ರಯೋಗಾಲಯದಲ್ಲಿ ಇದರ ಬಳಕೆ ಹೆಚ್ಚು.

ಮೂರನೆಯದು ಉಷ್ಣ–ದ್ಯುತಿ ವಿಧಾನ. ಸ್ಫಟಿಕ ನಾರಿನ ಫಿಲ್ಟರನ್ನು ಹಂತ ಹಂತವಾಗಿ ಕಾಯಿಸಿ ಮೊದಲು ಹೊರಬರುವ ಇಂಗಾಲವನ್ನು ಸಾವಯವವೆಂದೂ, ಆಮ್ಲಜನಕದ ಸಂಪರ್ಕದಲ್ಲಿ ಹೆಚ್ಚಿನ ಉಷ್ಣತೆಯಲ್ಲಿ ಉರಿಯುವುದನ್ನು ಧಾತುರೂಪದ ಇಂಗಾಲವೆಂದೂ ಎಣಿಸಲಾಗುತ್ತದೆ.

ಹೀಗೆ ಬೆಳಕಿನಿಂದ ಅಳೆದದ್ದು, ಹೊಳಪಿನಿಂದ ಅಳೆದದ್ದು, ಉರಿಸಿ ಅಳೆದದ್ದು ಎಂದು ಮೂರು ಬಗೆಯ 'ಮಸಿ' ದೊರೆಯುತ್ತದೆ. ಮೂರರ ಅಂಕಿಗಳು ಒಂದೇ ಆಗಿರುವುದಿಲ್ಲ. ಈ ಗೊಂದಲ ತಪ್ಪಿಸಲು 2013ರಲ್ಲಿ ಆಂಡ್ರಿಯಾಸ್ ಪೆಟ್‌ಜೋಲ್ಡ್ ಮತ್ತಿತರರು ಕ್ರಮವಾಗಿ 'ಸಮಾನ ಕಪ್ಪು ಇಂಗಾಲ', 'ಶಾಖಕ್ಕೆ ಜಗ್ಗದ ಕಪ್ಪು ಇಂಗಾಲ' ಮತ್ತು 'ಧಾತುರೂಪದ ಇಂಗಾಲ' ಎಂಬ ಪ್ರತ್ಯೇಕ ಹೆಸರುಗಳನ್ನು ಬಳಸಲು ಸೂಚಿಸಿದರು. ಎರಡು ನಿಲ್ದಾಣಗಳ ಅಂಕಿಗಳನ್ನು ಹೋಲಿಸುವ ವಿದ್ಯಾರ್ಥಿಯು ಮೊದಲು ನೋಡಬೇಕಾದುದು ಅಂಕಿಯನ್ನಲ್ಲ, ಅದರ ಪಕ್ಕದ ಈ ಹೆಸರನ್ನು.

ಮಸಿಯಲ್ಲದ ಕಣಗಳಿಗೆ ಬೇರೆ ಸಾಧನಗಳಿವೆ. ಸಾಂದ್ರೀಕರಣ ಕಣ ಎಣಿಕೆ ಯಂತ್ರವು ಬ್ಯೂಟನಾಲ್ ಆವಿಯನ್ನು ಕಣಗಳ ಮೇಲೆ ಹನಿಗಟ್ಟಿಸಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳನ್ನೂ ಎಣಿಸುವಷ್ಟು ದೊಡ್ಡದಾಗಿಸುತ್ತದೆ. ನೆಫಲೋಮೀಟರ್ ಚದುರಿದ ಬೆಳಕನ್ನು ಅಳೆಯುತ್ತದೆ. ಅಂಟಾರ್ಕ್ಟಿಕದ ಕರಾವಳಿಯಲ್ಲಿ ಈ ಯಂತ್ರಗಳು ತೋರಿಸುವ ಋತುಚಕ್ರ ಆರ್ಕ್ಟಿಕ್‌ನ ಮಬ್ಬಿಗೆ ತದ್ವಿರುದ್ಧ: ಚಳಿಗಾಲದಲ್ಲಿ ಕಣಗಳು ವಿರಳ, ಬೇಸಿಗೆಯಲ್ಲಿ ಹೇರಳ. ಸಮುದ್ರದ ಸೂಕ್ಷ್ಮ ಪಾಚಿಗಳು ಬಿಡುವ ಡೈಮೀಥೈಲ್ ಸಲ್ಫೈಡ್ ಅನಿಲ ಬಿಸಿಲಿನಲ್ಲಿ ಮಾರ್ಪಟ್ಟು ಹೊಸ ಕಣಗಳಾಗುವುದು ಇದಕ್ಕೆ ಮುಖ್ಯ ಕಾರಣ.

ವೀಕ್ಷಣಾಲಯಗಳು

ಬ್ಯಾರೋ ಮತ್ತು ದಕ್ಷಿಣ ಧ್ರುವದಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆಯ ಏರೋಸಾಲ್ ದಾಖಲೆಗಳು 1970ರ ದಶಕದಿಂದ ನಡೆದುಬಂದಿವೆ. ಇಷ್ಟು ದೀರ್ಘ ದಾಖಲೆ ಧ್ರುವಗಳಲ್ಲಿ ಅಪರೂಪ. 82.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಅಲರ್ಟ್ ವೀಕ್ಷಣಾಲಯ 1986ರಲ್ಲಿ ಆರಂಭವಾಯಿತು. ಅಲ್ಲಿಯ ಮಸಿಯ ಪ್ರಮಾಣ 1990ರ ದಶಕದಲ್ಲಿ ಗಣನೀಯವಾಗಿ ಇಳಿಯಿತು. ಸೋವಿಯತ್ ಒಕ್ಕೂಟದ ಪತನದ ನಂತರ ಅಲ್ಲಿನ ಕೈಗಾರಿಕೆ ಕುಸಿದದ್ದು ಇದಕ್ಕೆ ಪ್ರಮುಖ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನಿ-ಓಲೆಸುಂಡ್ ಹಿಂದೆ ಕಲ್ಲಿದ್ದಲು ಗಣಿಯ ಊರಾಗಿತ್ತು. ಈಗ ಸಂಶೋಧನಾ ಗ್ರಾಮ. ಅದರ ಪಕ್ಕದ ಜೆಪ್ಪೆಲಿನ್ ಬೆಟ್ಟದಲ್ಲಿ 474 ಮೀಟರ್ ಎತ್ತರದಲ್ಲಿರುವ ವೀಕ್ಷಣಾಲಯಕ್ಕೆ ತೂಗುತೊಟ್ಟಿಲಿನಲ್ಲಿ ಹೋಗಬೇಕು. ಊರಿನ ಹೊಗೆಗಿಂತ ಮೇಲಿರುವುದು ಈ ಎತ್ತರದ ಉದ್ದೇಶ. 2006ರ ಮೇ ತಿಂಗಳ ಆರಂಭದಲ್ಲಿ ಪೂರ್ವ ಯುರೋಪಿನ ರೈತರು ಹೊಲಗಳಿಗೆ ಹಚ್ಚಿದ ಬೆಂಕಿಯ ಹೊಗೆ ಇಲ್ಲಿಗೆ ತಲುಪಿ, ಅಲ್ಲಿಯವರೆಗಿನ ದಾಖಲೆಗಳನ್ನು ಮುರಿಯಿತು. ಹತ್ತಿರದ ಹಿಮನದಿಯ ಹಿಮದ ಬಣ್ಣ ಬದಲಾದದ್ದು ಬರಿಗಣ್ಣಿಗೆ ಕಾಣುತ್ತಿತ್ತು. ಗ್ರೀನ್‌ಲ್ಯಾಂಡಿನ ಸಮ್ಮಿಟ್ ಮತ್ತು ಸ್ಟೇಷನ್ ನಾರ್ಡ್, ಫಿನ್‌ಲ್ಯಾಂಡಿನ ಪಲ್ಲಾಸ್, ರಷ್ಯಾದ ಟಿಕ್ಸಿ ಇವು ಉತ್ತರದ ಇತರ ಕೇಂದ್ರಗಳು. ಆರ್ಕ್ಟಿಕ್ ಕರಾವಳಿಯ ಅರ್ಧದಷ್ಟು ರಷ್ಯಾದ್ದೇ ಆಗಿದ್ದರೂ ಅಲ್ಲಿನ ಮಾಪನ ಕೇಂದ್ರಗಳು ಬೆರಳೆಣಿಕೆಯಷ್ಟು.

ನೆಲದ ಕೇಂದ್ರಗಳಿಗೆ ಮೇಲಿನ ಪದರಗಳು ತಿಳಿಯುವುದಿಲ್ಲ. ಅದಕ್ಕಾಗಿ ವಿಮಾನಗಳು, ಕಟ್ಟಿದ ಬಲೂನುಗಳು ಮತ್ತು ಲೈಡಾರ್‌ಗಳಿವೆ. 2008ರ ವಸಂತದಲ್ಲಿ ಅಲಾಸ್ಕದ ಮೇಲೆ ನಡೆದ ವಿಮಾನ ಸಮೀಕ್ಷೆಯಲ್ಲಿ ಸಿಕ್ಕ ದಟ್ಟ ಹೊಗೆಯ ಪದರಗಳ ಮೂಲ ಸೈಬೀರಿಯದ ಕಾಳ್ಗಿಚ್ಚು ಮತ್ತು ಕಜಕಸ್ತಾನದ ಹೊಲಗಳ ಬೆಂಕಿ ಎಂದು ತಿಳಿದುಬಂತು. 2019ರ ಅಕ್ಟೋಬರ್‌ನಿಂದ 2020ರವರೆಗೆ ಜರ್ಮನಿಯ 'ಪೋಲಾರ್‌ಸ್ಟರ್ನ್' ಹಡಗು ಸಮುದ್ರದ ಮಂಜುಗಡ್ಡೆಯೊಂದಿಗೆ ತೇಲುತ್ತ ಮಧ್ಯ ಆರ್ಕ್ಟಿಕ್‌ನ ಚಳಿಗಾಲದ ಕಣಗಳನ್ನು ಅಳೆಯಿತು. ಉಪಗ್ರಹಗಳ ನೆರವು ಇಲ್ಲಿ ಸೀಮಿತ: ಕೆಳಗೆ ಬಿಳಿಯ ಹಿಮ, ಮೇಲೆ ಬಿಳಿಯ ಮೋಡ, ಅರ್ಧ ವರ್ಷ ಕತ್ತಲೆ. ಆ ಕತ್ತಲೆಯಲ್ಲಿ ಸೂರ್ಯನ ಬದಲು ಚಂದ್ರ ಅಥವಾ ನಕ್ಷತ್ರಗಳ ಬೆಳಕನ್ನು ಬಳಸುವ ಫೋಟೋಮೀಟರ್‌ಗಳು ನಿ-ಓಲೆಸುಂಡ್‌ನಂತಹ ಕೆಲವೆಡೆ ಇವೆ.

ಹಿಮದಲ್ಲಿನ ಮಸಿ

ತಾಜಾ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 80ರಿಂದ 90 ಭಾಗವನ್ನು ಹಿಂದಿರುಗಿಸುತ್ತದೆ. ಗ್ರಾಂಗೆ ಹತ್ತಾರು ನ್ಯಾನೊಗ್ರಾಂ ಮಸಿ ಸೇರಿದರೆ ಈ ಪ್ರಮಾಣ ಶೇಕಡಾ ಒಂದೆರಡರಷ್ಟು ಇಳಿಯಬಹುದು. ಕಣ್ಣಿಗೆ ಈ ವ್ಯತ್ಯಾಸ ಕಾಣದು. ಆದರೆ ವಸಂತದಲ್ಲಿ ಇಪ್ಪತ್ತನಾಲ್ಕು ಗಂಟೆ ಬಿಸಿಲಿರುವ ಕಡೆ ವಾರಗಟ್ಟಲೆ ಒಟ್ಟುಗೂಡಿದಾಗ ಅದು ಸಣ್ಣದಲ್ಲ. ಕರಗಲಾರಂಭಿಸಿದ ಹಿಮದ ಹರಳುಗಳು ದಪ್ಪವಾಗಿ ಇನ್ನಷ್ಟು ಬಿಸಿಲು ಹೀರುತ್ತವೆ, ಮಸಿಯೂ ಮೇಲ್ಮೈಯಲ್ಲೇ ಉಳಿದು ಸಾಂದ್ರವಾಗುತ್ತದೆ.

ಸಾರಾ ಡೋಹರ್ಟಿ, ವಾರೆನ್, ಟಾಮ್ ಗ್ರೆನ್‌ಫೆಲ್ ಮತ್ತಿತರರು 2010ರಲ್ಲಿ ಪ್ರಕಟಿಸಿದ ಸಮೀಕ್ಷೆಗಾಗಿ ಆರ್ಕ್ಟಿಕ್‌ನ ಉದ್ದಗಲಕ್ಕೂ ಹಿಮವನ್ನು ಸಂಗ್ರಹಿಸಿ, ಕರಗಿಸಿ, ಸೋಸಿ, ಫಿಲ್ಟರಿನ ಕಪ್ಪನ್ನು ಅಳೆಯಲಾಯಿತು. ಗ್ರೀನ್‌ಲ್ಯಾಂಡಿನಲ್ಲಿ ಗ್ರಾಂಗೆ ಸುಮಾರು 3 ನ್ಯಾನೊಗ್ರಾಂ, ಕೆನಡಾದ ಆರ್ಕ್ಟಿಕ್‌ನಲ್ಲಿ 10ರ ಆಸುಪಾಸು, ರಷ್ಯಾದಲ್ಲಿ 20–30ರ ಮಟ್ಟದ ಮಸಿ ದೊರೆಯಿತು.

ಹಿಮಹಾಸಿನಿಂದ ಕೊರೆದು ತೆಗೆದ ಮಂಜಿನ ಸ್ತಂಭಗಳು ಹಿಂದಿನ ಶತಮಾನಗಳ ಗಾಳಿಯ ದಾಖಲೆಯಾಗಿವೆ. ಜೋಸೆಫ್ ಮೆಕ್‌ಕಾನೆಲ್ ಮತ್ತು ಸಂಗಡಿಗರು 2007ರಲ್ಲಿ ಗ್ರೀನ್‌ಲ್ಯಾಂಡಿನ ಸ್ತಂಭವೊಂದನ್ನು ಕರಗಿಸಿ ಒಂಟಿ ಕಣದ ಫೋಟೋಮೀಟರಿನಿಂದ ಪರೀಕ್ಷಿಸಿದಾಗ, 1850ರ ಬಳಿಕ ಕೈಗಾರಿಕಾ ಮಸಿಯಿಂದಾಗಿ ಪ್ರಮಾಣವು ಏಳು ಪಟ್ಟು ಏರಿ 20ನೆಯ ಶತಮಾನದ ಮೊದಲ ದಶಕದಲ್ಲಿ ಶಿಖರ ಮುಟ್ಟಿದ್ದು ಕಂಡುಬಂತು. ಅಂದರೆ ಮಧ್ಯ ಗ್ರೀನ್‌ಲ್ಯಾಂಡಿನ ಹಿಮಕ್ಕೆ ಅತಿ ಹೆಚ್ಚು ಮಸಿ ಬಿದ್ದದ್ದು ಈಗಲ್ಲ, ನೂರು ವರ್ಷಕ್ಕೂ ಹಿಂದೆ. ದಕ್ಷಿಣದಿಂದ ಬಂದ ಕಥೆ ಇನ್ನೂ ಅನಿರೀಕ್ಷಿತ: ಅಂಟಾರ್ಕ್ಟಿಕ ಪರ್ಯಾಯದ್ವೀಪದ ಬಳಿಯ ಜೇಮ್ಸ್ ರಾಸ್ ದ್ವೀಪದ ಸ್ತಂಭದಲ್ಲಿ 13ನೆಯ ಶತಮಾನದ ಕೊನೆಯಿಂದ ಮಸಿ ಹೆಚ್ಚಿರುವುದನ್ನು ಇದೇ ತಂಡ 2021ರಲ್ಲಿ ವರದಿ ಮಾಡಿತು. ಮಾವೋರಿ ಜನರು ನ್ಯೂಜಿಲೆಂಡಿನಲ್ಲಿ ನೆಲೆಸಿ ಕಾಡು ಸುಟ್ಟದ್ದೇ ಇದಕ್ಕೆ ಕಾರಣವೆಂಬುದು ಅವರ ವಾದ.

ಭಾರತದ ಪಾಲು

ಭಾರತದ ಏರೋಸಾಲ್ ಸಂಶೋಧನೆಗೆ ಬೆಂಗಳೂರಿನೊಂದಿಗೆ ಹಳೆಯ ನಂಟಿದೆ. 2001ರ ಕೊನೆಯಲ್ಲಿ ಎಸ್. ಸುರೇಶ್ ಬಾಬು, ಎಸ್. ಕೆ. ಸತೀಶ್ ಮತ್ತು ಕೆ. ಕೃಷ್ಣಮೂರ್ತಿ ಬೆಂಗಳೂರಿನ ಗಾಳಿಯ ಕಪ್ಪು ಇಂಗಾಲವನ್ನು ಈಥಲೋಮೀಟರಿನಿಂದ ಅಳೆದು, ಅದು ನಗರದ ಮೇಲಿನ ವಾತಾವರಣವನ್ನು ಎಷ್ಟು ಕಾಯಿಸುತ್ತದೆಂದು ಲೆಕ್ಕ ಹಾಕಿದ್ದರು. ಇಸ್ರೋದ ಏರೋಸಾಲ್ ಮಾಪನ ಜಾಲದ ಅನುಭವವೇ ಮುಂದೆ ಧ್ರುವಗಳಲ್ಲೂ ಬಳಕೆಯಾಯಿತು. 2007–08ರ ಅಂತರರಾಷ್ಟ್ರೀಯ ಧ್ರುವ ವರ್ಷದಲ್ಲಿ ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೈತ್ರಿ ನಿಲ್ದಾಣದಲ್ಲಿ ಹಾಗೂ ಮುಂದೆ 2012ರಲ್ಲಿ ಭಾರತಿ ನಿಲ್ದಾಣ ತಲೆಯೆತ್ತಿದ ಲಾರ್ಸ್‌ಮನ್ ಬೆಟ್ಟಗಳಲ್ಲಿ ಮಾಪನ ನಡೆಸಿದರು. ಮೈತ್ರಿಯಲ್ಲಿ ಮಸಿ ಹೆಚ್ಚು, ಆಗಿನ್ನೂ ನಿಲ್ದಾಣವಿಲ್ಲದ ಲಾರ್ಸ್‌ಮನ್‌ನಲ್ಲಿ ಕಡಿಮೆ ಇತ್ತು. ಆರ್ಕ್ಟಿಕ್‌ನಲ್ಲಿ ಭಾರತದ ಹಿಮಾದ್ರಿ ನಿಲ್ದಾಣ 2008ರ ಜುಲೈಯಲ್ಲಿ ನಿ-ಓಲೆಸುಂಡ್‌ನಲ್ಲಿ ಆರಂಭವಾಯಿತು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದನ್ನು ನಿರ್ವಹಿಸುತ್ತದೆ. ಭಾರತದ ವಾತಾವರಣ ಉಪಕರಣಗಳಿಗೆ ಅಲ್ಲಿ ನೆಲೆಯಾಗಿರುವ ಗ್ರೂವೆಬಾಡೆಟ್ ಕಟ್ಟಡ ಹಿಂದೆ ಗಣಿ ಕೆಲಸಗಾರರ ಸ್ನಾನಗೃಹವಾಗಿತ್ತು. 2023ರ ಡಿಸೆಂಬರಿನಿಂದ ಭಾರತ ಅಲ್ಲಿಗೆ ಚಳಿಗಾಲದ ತಂಡಗಳನ್ನೂ ಕಳುಹಿಸುತ್ತಿದೆ.

ಮೂಲಗಳು ಮತ್ತು ನಿಯಂತ್ರಣ

ಗಣಕ ಮಾದರಿಗಳು ಲೆಕ್ಕ ಹಾಕಿದ ಮಸಿ ಬಹುಕಾಲ ಆರ್ಕ್ಟಿಕ್‌ನಲ್ಲಿ ನಿಜವಾಗಿ ಅಳೆದದ್ದಕ್ಕಿಂತ ಬಹಳ ಕಡಿಮೆ ಇರುತ್ತಿತ್ತು. ಮಾಪನವನ್ನು ನಂಬಿ ಮಾದರಿಯನ್ನು ಪ್ರಶ್ನಿಸಿದ್ದರಿಂದ ಒಂದು ಮುಖ್ಯ ಮೂಲ ಪತ್ತೆಯಾಯಿತು. ರಷ್ಯಾದ ಉತ್ತರದ ತೈಲಬಾವಿಗಳಲ್ಲಿ ಬೇಡವಾದ ಅನಿಲವನ್ನು ಬಯಲಿನಲ್ಲೇ ಉರಿಸಿಬಿಡುವುದನ್ನು ಲೆಕ್ಕಕ್ಕೆ ಸೇರಿಸಿದ ಆಂಡ್ರಿಯಾಸ್ ಸ್ಟೋಲ್ ಮತ್ತಿತರರು, ಆರ್ಕ್ಟಿಕ್‌ನ ನೆಲಮಟ್ಟದ ವಾರ್ಷಿಕ ಸರಾಸರಿ ಮಸಿಯಲ್ಲಿ ಶೇಕಡಾ 42ರಷ್ಟು ಇದರಿಂದಲೇ ಬರುತ್ತದೆಂದು 2013ರಲ್ಲಿ ಅಂದಾಜಿಸಿದರು.

ಮಸಿ ಗಾಳಿಯಲ್ಲಿ ಉಳಿಯುವುದು ಸುಮಾರು ಒಂದು ವಾರ. ಇಂಗಾಲದ ಡೈಆಕ್ಸೈಡಿನಂತೆ ಶತಮಾನಗಟ್ಟಲೆ ಅಲ್ಲ. ಹೊರಸೂಸುವಿಕೆ ನಿಂತರೆ ಫಲ ಬೇಗ ಕಾಣುತ್ತದೆ. ಆರ್ಕ್ಟಿಕ್ ಮಂಡಳಿಯ ಸದಸ್ಯ ರಾಷ್ಟ್ರಗಳು 2017ರಲ್ಲಿ, 2025ರೊಳಗೆ ತಮ್ಮ ಒಟ್ಟು ಮಸಿಯನ್ನು 2013ರ ಮಟ್ಟಕ್ಕಿಂತ ಶೇಕಡಾ 25ರಿಂದ 33ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡವು. ಹಡಗುಗಳ ಭಾರ ಇಂಧನ ತೈಲಕ್ಕೆ ಅಂಟಾರ್ಕ್ಟಿಕ ಸಮುದ್ರದಲ್ಲಿ 2011ರ ಆಗಸ್ಟ್‌ನಿಂದ ನಿಷೇಧವಿದೆ. ಆರ್ಕ್ಟಿಕ್‌ನಲ್ಲಿ ಅದೇ ನಿಷೇಧ 2024ರ ಜುಲೈ 1ರಿಂದ ಜಾರಿಗೆ ಬಂದಿತಾದರೂ ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ ನೀಡಲು ಅವಕಾಶವಿದೆ.

ಅಂಟಾರ್ಕ್ಟಿಕದ ಮಟ್ಟಿಗೆ ಗಾಳಿ ಈಗಲೂ ಭೂಮಿಯ ಮೇಲಿನ ಅತ್ಯಂತ ಶುದ್ಧ ಗಾಳಿಗಳಲ್ಲೊಂದು. ಆದರೆ ಪರ್ಯಾಯದ್ವೀಪದ ಪ್ರವಾಸಿ ತಾಣಗಳ ಮತ್ತು ಸಂಶೋಧನಾ ನಿಲ್ದಾಣಗಳ ಸುತ್ತಲಿನ ಹಿಮದಲ್ಲಿ ಖಂಡದ ಉಳಿದ ಭಾಗಕ್ಕಿಂತ ಗಣನೀಯವಾಗಿ ಹೆಚ್ಚು ಮಸಿ ಇರುವುದನ್ನು ರೌಲ್ ಕಾರ್ಡೆರೊ ನೇತೃತ್ವದ ತಂಡ 2022ರಲ್ಲಿ ವರದಿ ಮಾಡಿತು. 2016ರಿಂದ 2020ರ ಅವಧಿಯಲ್ಲಿ ಅಲ್ಲಿಗೆ ಬಂದ ಪ್ರತಿಯೊಬ್ಬ ಪ್ರವಾಸಿಯ ಪಾಲಿನ ಮಸಿಯಿಂದ ಸುಮಾರು 83 ಟನ್ ಹಿಮ ಬೇಗನೆ ಕರಗಿತೆಂಬುದು ಅವರ ಅಂದಾಜು.